ಶನಿವಾರ ಹತ್ತು ಗಂಟೆಯ ದನಿ

ಪರ್ಸ್ ಬದಲಾಯಿಸುವ ಕೆಲಸವನ್ನು ನಾನು ಎರಡು ಮೂರು ವರ್ಷಕ್ಕೊಂದು ಸಲ ಮಾಡುತ್ತೇನೆ, ಅದೂ ಹಳೆಯದರ ಜಿಪ್ಪು ಪೂರ್ತಿ ಕೈಕೊಟ್ಟ ಮೇಲೆ. ಮೊನ್ನೆ ಹಾಗೆ ಹಳೆಯ ಪರ್ಸನ್ನು ಊಟದ ಟೇಬಲ್ಲಿನ ಮೇಲೆ ಬೋರಲು ಹಾಕಿ ಕೊಡವಿದೆ. ಇಂಕು ಒಣಗಿದ ಪೆನ್ನು, ಫ್ರೀವೇ ಹತ್ತುವ ಮುಂಚೆ ಬಾಯಿಗೆ ಹಾಕಿಕೊಳ್ಳುವ ಏಲಕ್ಕಿ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿ, ಇವೆಲ್ಲ ಬಿದ್ದ ಮೇಲೆ ಕೊನೆಗೆ ಟಣ್ ಎಂದು ಒಂದು ಸೋಡಾ ಬಾಟಲಿಯ ಮುಚ್ಚಳ ಬಿತ್ತು. ನಡುವೆ ಒಂದು ತೂತು. ಮಗಳು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು, "ಅಮ್ಮಾ, ದಿಸ್ ಈಸ್ ಟ್ರ್ಯಾಶ್," ಎಂದು ಕಸದ ಡಬ್ಬದ ಕಡೆ ಹೊರಟಳು. ನಾನು ಹಾಕಿದ ಕೂಗಿಗೆ ಒಳಗೆ ಮೀಟಿಂಗಿನಲ್ಲಿದ್ದ ಗಂಡ ಎದ್ದು ಬಂದು ಏನಾಯಿತು ಎಂದು ಕೇಳಿದರು. ಮುಚ್ಚಳ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ವಾಪಸ್ ಹೋದರು.

ಅದು ಎಂಬೀರಾ ಅನ್ನುವ ವಾದ್ಯದ ಮುಚ್ಚಳ. ಜಿಂಬಾಬ್ವೆಯ ಕಡೆಯ ವಾದ್ಯ. ದಪ್ಪನೆಯ ಒಂದು ಹಲಗೆ, ಅದರ ಮೇಲೆ ಸಾಲಾಗಿ ಕೂರಿಸಿದ ಕಬ್ಬಿಣದ ಪಟ್ಟಿಗಳು, ಹೆಬ್ಬೆರಳುಗಳಿಂದ ಮೀಟಬೇಕು. ಹಲಗೆಗೆ ಇಂಥ ಮುಚ್ಚಳಗಳನ್ನು ಸಡಿಲವಾಗಿ ಸಿಕ್ಕಿಸಿರುತ್ತಾರೆ. ಹಾಗಾಗಿ ಸ್ವರದ ಬೆನ್ನಿಗೇ ಝರ್ರ್ ಎಂದು ಒಂದು ಸದ್ದು ಬರುತ್ತದೆ. ಮೊದಲ ಸಲ ಕೇಳಿದಾಗ ನಾನು, ನಿಮ್ಮ ಸ್ಪೀಕರು ಹರಿದಿದೆ, ನೋಡಿಸಿಕೊಳ್ಳಿ ಎಂದು ಬಾರಿಸುತ್ತಿದ್ದವರಿಗೇ ಬುದ್ಧಿ ಹೇಳಿದೆ. ಅವರು ಸಿಟ್ಟಾಗಲಿಲ್ಲ. ನುಣ್ಣಗಿನ ಸದ್ದಿಗೆ ನಮ್ಮ ಹಿರಿಯರು ಏಳುವುದಿಲ್ಲ, ಅವರನ್ನು ಎಬ್ಬಿಸಬೇಕಾದರೆ ಸ್ವಲ್ಪ ಗಲಾಟೆ ಬೇಕು ಎಂದರು. ಅವರೇ ರೂಡೊ. ಸ್ಯಾನ್ ಮಟಿಯೋದಲ್ಲಿ ಒಂದು ಕಾರ್ಪೆಟ್ ಅಂಗಡಿಯ ಹಿಂದಿರುವ ಪುಟ್ಟ ಸಮುದಾಯ ರೇಡಿಯೋದಲ್ಲಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದು ಅವರ ಗಂಟೆ. ಹನ್ನೊಂದರಿಂದ ಹನ್ನೆರಡು ಕನ್ನಡದ ಗಂಟೆ, ಅಂದರೆ ನನ್ನದು.

ನಾನು ರೇಡಿಯೋದವಳಾದೆ ಎಂದರೆ ದಾವಣಗೆರೆಯಲ್ಲಿ ನಮ್ಮ ಮನೆಯವರು ಈಗಲೂ ನಗುತ್ತಾರೆ. ನಗಲಿ. ನಾನು ಹುಟ್ಟಾ ಪುಕ್ಕಲು. ಸ್ಯಾನ್ ಮಟಿಯೋ ಸೇತುವೆ ಎಂದರೆ ಭಯ. ಗೊತ್ತಿಲ್ಲದ ನಂಬರಿಂದ ಫೋನ್ ಬಂದರೆ ಭಯ, ಗೊತ್ತಿರುವ ನಂಬರಿಂದ ಹೊತ್ತಲ್ಲದ ಹೊತ್ತಲ್ಲಿ ಬಂದರೆ ಇನ್ನೂ ಭಯ. ಇವೆಲ್ಲಕ್ಕಿಂತ ದೊಡ್ಡದು ಮೈಕಿನ ಭಯ. ಆರನೇ ಕ್ಲಾಸಿನಲ್ಲಿ ಪ್ರಾರ್ಥನೆಯ ಹೊತ್ತಿಗೆ ದಿನಕ್ಕೊಬ್ಬರು ಅಂದಿನ ಸುದ್ದಿ ಓದಬೇಕಿತ್ತು. ನನ್ನ ಸರದಿ ಬಂದ ದಿನ ಮೈಕಿನ ಮುಂದೆ ನಿಂತು, "ಇಂದಿನ ಮುಖ್ಯ ವಾರ್ತೆಗಳು" ಎಂದೆ. ಆ ಮಾತು ಮೈದಾನದ ಆಚೆಯ ಗೋಡೆಗೆ ಬಡಿದು ತಿರುಗಿ ಬಂತು. ಅದು ನನ್ನ ದನಿ ಎಂದು ಗೊತ್ತಾದ ಕೂಡಲೇ ಬಾಯಿ ಕಟ್ಟಿಹೋಯಿತು. ಕೈಯಲ್ಲಿ ಕಾಗದ ಇದೆ, ಅಕ್ಷರ ಕಾಣುತ್ತಿದೆ, ಆದರೆ ಒಂದಕ್ಷರ ಹೊರಡದು. ಎಂಟುನೂರು ಮಕ್ಕಳು ನನ್ನ ಉಸಿರು ಕೇಳುತ್ತ ನಿಂತಿದ್ದರು. ಕಡೆಗೆ ಡ್ರಿಲ್ ಮೇಷ್ಟ್ರು ಬಂದು ಮೈಕ್ ಆಫ್ ಮಾಡಿ, "ಇವತ್ತು ದೇಶದಲ್ಲಿ ಏನೂ ನಡೆದಿಲ್ಲ, ಎಲ್ಲರೂ ಕ್ಲಾಸಿಗೆ ನಡೀರಿ," ಎಂದರು. ಆಮೇಲೆ ಹೈಸ್ಕೂಲು ಮುಗಿಯುವ ತನಕ ನನಗೆ 'ಮುಖ್ಯ ವಾರ್ತೆ' ಎಂದೇ ಹೆಸರು.

ಅಂಥವಳ ಕೊರಳಿಗೆ ಕನ್ನಡ ಗಂಟೆ ಬಿದ್ದದ್ದು ಅದನ್ನು ಶುರುಮಾಡಿದ ಗೆಳತಿ ಟೆಕ್ಸಾಸಿಗೆ ಹೋದದ್ದರಿಂದ. ಮೂರೇ ವಾರ ನೋಡಿಕೋ, ಯಾರಾದರೂ ಸಿಗುತ್ತಾರೆ ಎಂದಿದ್ದಳು. ಆರು ವರ್ಷವಾಯಿತು, ಯಾರೂ ಸಿಕ್ಕಿಲ್ಲ. ನಾನು 'ನಮಸ್ಕಾರ' ಎಂಬುದನ್ನೂ ಬರೆದುಕೊಂಡೇ ಹೋಗುತ್ತೇನೆ. ಮೊದಲ ದಿನ ಹೊರಗಿನ ಬೆಂಚಿನ ಮೇಲೆ ಕೂತು ಆ ಕಾಗದ ನಡುಗುವುದನ್ನು ನೋಡುತ್ತಿದ್ದೆ. ತಮ್ಮ ಗಂಟೆ ಮುಗಿಸಿ ಹೊರಬಂದ ರೂಡೊ ಪಕ್ಕದಲ್ಲಿ ಕೂತು, ಮೈಕಿನಲ್ಲಿ ಊರಿಗೆಲ್ಲ ಮಾತಾಡಬೇಡ, ಒಬ್ಬರಿಗೆ ಮಾತಾಡು, ಆ ಒಬ್ಬರು ಯಾರೆಂದು ಈಗಲೇ ಗೊತ್ತುಮಾಡಿಕೋ ಎಂದರು. ನಾನು ನಮ್ಮ ಅತ್ತೆಯನ್ನು ಗೊತ್ತುಮಾಡಿಕೊಂಡೆ. ಅದು ತಪ್ಪು ಆಯ್ಕೆ. ಇನ್ನೂ ಜಾಸ್ತಿ ನಡುಗಿದೆ. ಆದರೂ ಅಂದಿನಿಂದ ಅವರು ನನಗೆ ರೂಡೊ ಅಕ್ಕ, ನಾನು ಅವರಿಗೆ ತಂಗಿ. ಈ ಎರಡು ಪದ ಕಲಿತ ಮೇಲೆ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ.

ಅವರ ವೃತ್ತಿ ಶುರುವಾದದ್ದು ಒಂಬತ್ತನೇ ವಯಸ್ಸಿನಲ್ಲಿ, ಹುರಿದ ಕಡಲೆಕಾಯಿ ಸಂಬಳದ ಮೇಲೆ. ಅವರ ಹಳ್ಳಿಯ ಗಂಡಸರೆಲ್ಲ ದೂರದ ಗಣಿಗಳಿಗೆ ಹೋಗಿದ್ದರು. ಕಾಗದ ಬಂದರೆ ಹೆಂಗಸರಿಗೆ ಓದಲು ಬಾರದು. ಶಾಲೆಗೆ ಹೋಗುವ ಹುಡುಗಿ ಇವರೇ. ಹಾಗಾಗಿ ಮನೆ ಮನೆಗೆ ಹೋಗಿ ಕಾಗದ ಓದುವುದು. ಸುಮ್ಮನೆ ಓದಿದರೆ ಆ ಹೆಂಗಸರು ಒಪ್ಪುತ್ತಿರಲಿಲ್ಲವಂತೆ, ಅವನು ಮಾತಾಡುವ ಹಾಗೆ ಓದು ಎನ್ನುತ್ತಿದ್ದರಂತೆ. ಒಬ್ಬ ಗಂಡ ತೊದಲುತ್ತಿದ್ದ, ಇನ್ನೊಬ್ಬ ಮಾತಿನ ನಡುವೆ ಕೆಮ್ಮುತ್ತಿದ್ದ. ಒಂಬತ್ತು ವರ್ಷದ ರೂಡೊ ಸಂಜೆಯೊಳಗೆ ಐದಾರು ಮಂದಿ ಗಂಡಂದಿರಾಗಿ ಕಡಲೆಕಾಯಿ ತಿಂದು ಮನೆಗೆ ಬರುತ್ತಿದ್ದರು. ಕೆಟ್ಟ ಸುದ್ದಿಯ ಕಾಗದವಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಬಾಗಿಲಲ್ಲೇ ಗೊತ್ತಾಗುತ್ತಿತ್ತು, ಕಾಗದ ಬೇರೆಯವರ ಕೈಬರಹದಲ್ಲಿರುತ್ತಿತ್ತು ಎಂದರು.

ಆಮೇಲೆ ಮಿಷನ್ ಶಾಲೆಯ ಗಾಯಕವೃಂದ. ಅಲ್ಲಿಯ ಸಿಸ್ಟರುಗಳಿಗೆ ಎಂಬೀರಾ ಎಂದರೆ ಸೈತಾನನ ಸಾಮಾನು. ಇವರ ತಾತ ಅದನ್ನು ಜೋಳದ ಕಣಜದಲ್ಲಿ ಬಚ್ಚಿಟ್ಟು ರಜೆಯಲ್ಲಿ ಕಲಿಸಿದರು. ಹದಿನೆಂಟಕ್ಕೆ ರಾಜಧಾನಿಯ ಒಂದು ರೇಡಿಯೋದಲ್ಲಿ ಕೆಲಸ ಸಿಕ್ಕಿತು, ಹಾಡಿನ ತಟ್ಟೆಗಳ ಧೂಳು ಒರೆಸುವುದು. ಒಂದು ದಿನ ಅನೌನ್ಸರ್ ಬರುತ್ತಿದ್ದ ಬಸ್ಸು ಕೆಟ್ಟು ನಿಂತಿತು. ಇವರನ್ನು ಒಳಗೆ ತಳ್ಳಿ ಹೊತ್ತು ಹೇಳು ಎಂದರು. ಹನ್ನೊಂದಾಗಿದ್ದಾಗ ಗಾಬರಿಯಲ್ಲಿ ಹನ್ನೆರಡು ಎಂದುಬಿಟ್ಟರಂತೆ, ಅರ್ಧ ಊರು ಊಟಕ್ಕೆ ಎದ್ದಿತಂತೆ. ಇದು ಅವರೇ ಹೇಳಿದ್ದು, ನಾನು ಅರ್ಧ ಮಾತ್ರ ನಂಬಿದ್ದೇನೆ. ಮಕ್ಕಳ ಕಾರ್ಯಕ್ರಮದಲ್ಲಿ ಕಪ್ಪೆಯಾಗಿದ್ದರು. ಭಾನುವಾರ ಹೋಟೆಲಿನ ಬ್ಯಾಂಡಿನಲ್ಲಿ ಹಾಡುತ್ತಿದ್ದರು. ಎರಡು ಕ್ಯಾಸೆಟ್ಟು ಬಂದವು. ಒಂದು ವರ್ಷ ಟೀವಿಯಲ್ಲೂ ಇದ್ದು, ಮುಖಕ್ಕೆ ಪೌಡರು ಬಳಿದರೆ ದನಿ ಸುಳ್ಳಾಗುತ್ತದೆ ಎಂದು ಬಿಟ್ಟುಬಂದರು. ಎಲ್ಲಕ್ಕಿಂತ ಹೆಚ್ಚು ಕಾಲ ಮಾಡಿದ್ದು ಸಂಜೆಯ ಒಂದು ಕಾರ್ಯಕ್ರಮ. ಆಸ್ಪತ್ರೆಗಳಲ್ಲಿ ಮಲಗಿದವರಿಗೆ ಮನೆಯವರು ಕಳಿಸಿದ ಶುಭಾಶಯಗಳನ್ನು ಓದಿ ಒಂದು ಹಾಡು ಹಾಕುವುದು. ಅದನ್ನು ಹನ್ನೆರಡು ವರ್ಷ ಮಾಡಿದರು.

ಗಂಡ ಓದಲೆಂದು ಇಲ್ಲಿಗೆ ಬಂದಾಗ ಇವರೂ ಜತೆಗೆ ಬಂದರು. ಓದು ಮುಗಿಯುವ ಮುಂಚೆ ಗಂಡ ತೀರಿಕೊಂಡರು. ಹತ್ತು ಲಕ್ಷ ಮಂದಿ ಕೇಳಿದ ದನಿಯನ್ನು ಇಲ್ಲಿ ಕೇಳುವವರಿರಲಿಲ್ಲ. ಯೂನಿಯನ್ ಸಿಟಿಯ ಒಂದು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ ಕೆಲಸ ಹಿಡಿದರು. ಸ್ನಾನ ಮಾಡಿಸುತ್ತ ಹಾಡುತ್ತಿದ್ದರು, ಒರೆಸುತ್ತ ಪೇಪರು ಓದಿ ಹೇಳುತ್ತಿದ್ದರು. ಅಲ್ಲಿಗೆ ಬರುತ್ತಿದ್ದ ಹಲ್ಲಿನ ಡಾಕ್ಟರೊಬ್ಬರು ಕೇಳಿ, ತಮ್ಮ ಕ್ಲಿನಿಕ್ಕಿನ ಫೋನಿಗೆ ಇವರ ದನಿ ಹಾಕಿಸಿಕೊಂಡರು. ಇದು ನನಗೆ ಹೇಗೆ ಗೊತ್ತಾಯಿತು ಎಂದರೆ, ಒಮ್ಮೆ ರೂಟ್ ಕೆನಾಲಿಗೆ ಹೆದರಿ ಅಪಾಯಿಂಟ್‌ಮೆಂಟು ರದ್ದು ಮಾಡೋಣವೆಂದು ಫೋನ್ ಮಾಡಿದರೆ ಆ ಕಡೆಯಿಂದ ರೂಡೊ ಅಕ್ಕ, ದಯವಿಟ್ಟು ಕಾಯುತ್ತಿರಿ, ನೀವು ನಮಗೆ ಮುಖ್ಯ ಎಂದರು. ಅಕ್ಕನ ಮಾತು ಮೀರುವುದು ಹೇಗೆ? ಕಾದೆ. ಹಲ್ಲಿನ ಬೇರನ್ನೂ ಕೊರೆಸಿಕೊಂಡೆ. ಕಡೆಗೆ ಈ ಸಮುದಾಯ ರೇಡಿಯೋದ ಒಂದು ಗಂಟೆ ಅವರಿಗೆ ಸಿಕ್ಕಿತು. ಸಂಬಳವಿಲ್ಲ. ಕೇಳುವವರು ಹೆಚ್ಚಿನಂಶ ಅದೇ ವೃದ್ಧಾಶ್ರಮದವರು. ಅವರಲ್ಲಿ ವಾಲ್ಟರ್ ಎಂಬ ತೊಂಬತ್ತು ದಾಟಿದ ಅಜ್ಜ ಒಬ್ಬರು. ಕಣ್ಣು ಪೂರ್ತಿ ಹೋಗಿದೆ. ಪ್ರತಿ ಶನಿವಾರ ಹತ್ತೂ ಹತ್ತಕ್ಕೆ ಫೋನ್ ಮಾಡಿ, ಇವತ್ತು ಹೊರಗೆ ಹೇಗಿದೆ ಎಂದು ಕೇಳುತ್ತಾರೆ. ಸ್ಟುಡಿಯೋಗೆ ಕಿಟಕಿಯೇ ಇಲ್ಲ. ಆದರೂ ರೂಡೊ ಬರುವಾಗ ಸೇತುವೆಯ ಮೇಲೆ ಕಂಡದ್ದನ್ನೆಲ್ಲ ಸಾವಧಾನವಾಗಿ ಹೇಳುತ್ತಾರೆ.

ಈಗ ಭಯದ ವಿಷಯಕ್ಕೆ ಬರುತ್ತೇನೆ, ಇಷ್ಟು ಹೊತ್ತು ಅದನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ.

ಕಳೆದ ವರ್ಷ ಹುಬ್ಬಳ್ಳಿಯಿಂದ ನಮ್ಮ ಅತ್ತೆ ಬಂದಿದ್ದರು. ಒಂದು ಭಾನುವಾರ ರೂಡೊ ಅಕ್ಕನನ್ನು ಕ್ಯಾಂಪ್‌ಬೆಲ್ಲಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಅವರು ತಮ್ಮ ಪದ್ಧತಿಯಂತೆ ಹಿರಿಯರ ಮುಂದೆ ಮಂಡಿ ಬಗ್ಗಿಸಿ, ಬೊಗಸೆ ಮಾಡಿದ ಕೈಗಳಿಂದ ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅದು ಅವರ ನಮಸ್ಕಾರ. ಅತ್ತೆ ಭಜನೆ ಶುರುವಾಯಿತೆಂದು ತಾವೂ ತಟ್ಟತೊಡಗಿದರು. ಇಬ್ಬರೂ ನಿಲ್ಲಿಸಲು ತಿಳಿಯದೆ ಸುಮಾರು ಹೊತ್ತು ತಟ್ಟಿದರು. ಊಟವಾದ ಮೇಲೆ ಅಕ್ಕ ಒಂದು ಹಾಡು ಹಾಡಿದರು. ತಾಮ್ರದ ಹಂಡೆಗೆ ನೀರು ಬೀಳುವಾಗ ಆಗುವ ಸದ್ದಿದೆಯಲ್ಲ, ಆ ದನಿ. ನಾನು ತಡೆಯಲಾರದೆ, ಅಕ್ಕಾ, ಇಂಥ ದನಿ ಭೂಮಿ ಮೇಲೆ ಇನ್ನೊಂದಿಲ್ಲ ಎಂದುಬಿಟ್ಟೆ. ಅವರು ಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, "ಹಂಗ ಬಾಯಿತುಂಬ ಹೊಗಳಬಾರದವಾ. ಪ್ರೀತಿ ಇದ್ದವರ ಕಣ್ಣ ಮೊದಲ ತಾಗತಾವ," ಎಂದರು.

ನಂಬುತ್ತೀರೋ ಬಿಡುತ್ತೀರೋ, ಮುಂದಿನ ಶನಿವಾರ ಅವರ ದನಿ ಕಟ್ಟಿತು. ಶೀತ ಎಂದರು. ಎರಡು ವಾರವಾಯಿತು, ಮೂರಾಯಿತು, ಶೀತ ಹೋಗಲಿಲ್ಲ. ಅತ್ತೆ ಜ್ಯೇಷ್ಠಮಧು ಕೊಟ್ಟರು, ಮೆಣಸಿನ ಕಷಾಯ ಕುದಿಸಿ ಫ್ಲಾಸ್ಕಿನಲ್ಲಿ ಕಳಿಸಿದರು. ಅಕ್ಕ ಕುಡಿದರು. ಹಾಡುಗಳನ್ನು ಜಾಸ್ತಿ ಹಾಕಿ ಮಾತು ಕಡಿಮೆ ಮಾಡಿದರು. ನಾನು ಗಾಜಿನ ಈಚೆ ಕೂತು ಕೇಳುತ್ತಿದ್ದೆ. ಮಾತಿನ ಕೊನೆಯಲ್ಲಿ ದನಿ ಜಾರುತ್ತಿತ್ತು. ಕಂಪ್ಯೂಟರ್ ಸೈನ್ಸು ಓದಿದ ಹೆಂಗಸು ನಾನು. ಕಣ್ಣು ತಾಗುವುದು ಸುಳ್ಳು ಎಂದು ನನಗೆ ಗೊತ್ತು. ಗೊತ್ತಿದ್ದೂ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತ, ನಾನು ಯಾಕೆ ಹಾಗಂದೆ, ಯಾಕೆ ಹಾಗಂದೆ ಎಂದುಕೊಳ್ಳುತ್ತಿದ್ದೆ.

ಡಾಕ್ಟರು ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದರು. ದನಿಯ ತಂತುವಿನ ಮೇಲೆ ಒಂದು ಗಂಟು. ತೆಗೆಯಬೇಕು, ತೆಗೆದು ಪರೀಕ್ಷೆಗೆ ಕಳಿಸಬೇಕು, ಯಾವ ಜಾತಿಯ ಗಂಟೆಂದು ಆಮೇಲೆ ಗೊತ್ತಾಗುತ್ತದೆ. ಕೆಟ್ಟದ್ದಲ್ಲದಿದ್ದರೂ ದನಿ ಮೊದಲಿನಂತೆ ಬರುತ್ತದೆಂದು ಹೇಳಲಾಗದು. ಆಪರೇಷನ್ ಆದ ಮೇಲೆ ಎರಡು ವಾರ ಒಂದು ಪಿಸುಮಾತೂ ಆಡಕೂಡದು, ಗಂಟಲು ಕೂಡ ಸರಿಮಾಡಿಕೊಳ್ಳಕೂಡದು. ಇದನ್ನೆಲ್ಲ ಅವರು ನನಗೆ ಹೇಳಿದ್ದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಕಿತ್ತಳೆ ಸುಲಿಯುತ್ತ. ಅವರ ಕೈ ನಡುಗಲಿಲ್ಲ. ನನ್ನ ಪಾಲಿನ ತೊಳೆ ನನ್ನ ಕೈಯಲ್ಲೇ ಹಿಂಡಿಹೋಗಿತ್ತು.

ಇನ್ನೊಂದು ತೊಡಕಿತ್ತು. ಸ್ಟೇಷನ್ನಿನ ನಿಯಮದಂತೆ ಒಬ್ಬರ ಗಂಟೆಯನ್ನು ಬದಲಿಯವರು ಮೂರು ಶನಿವಾರ ನಡೆಸಬಹುದು. ನಾಲ್ಕನೆಯದಕ್ಕೂ ಅವರು ಬರದಿದ್ದರೆ ಆ ಗಂಟೆ ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ. ಅಕ್ಕನಿಗೆ ಉಳಿದಿದ್ದದ್ದು ಇದೊಂದೇ ಗಂಟೆ. ಮೂರು ವಾರ ನೀನು ಕೂತುಕೋ ತಂಗಿ ಎಂದರು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ತಮ್ಮ ಎಂಬೀರಾದಿಂದ ಒಂದು ಮುಚ್ಚಳ ಬಿಚ್ಚಿ, ಎಡಗೈಯಲ್ಲಿ ಇದನ್ನು ಬಿಗಿಯಾಗಿ ಹಿಡಿದುಕೋ, ಬಲಗೈ ನಡುಗುವುದಿಲ್ಲ ಎಂದರು. ಪರ್ಸಿನಿಂದ ಬಿದ್ದದ್ದು ಅದೇ. ಎರಡೂ ಕೈ ನಡುಗಿದವು ಎಂದು ನಾನು ಅವರಿಗೆ ಇವತ್ತಿನವರೆಗೂ ಹೇಳಿಲ್ಲ. ಹೊರಡುವಾಗ ಅವರು ಒಂದೇ ಒಂದು ಕಟ್ಟಪ್ಪಣೆ ಮಾಡಿದರು. ಕೇಳುಗರಿಗೆ ಕಾಯಿಲೆಯ ಸುದ್ದಿ ಹೇಳಬಾರದು. ರೂಡೊ ತಮ್ಮ ಅಕ್ಕನ ಮನೆಗೆ ಹೋಗಿದ್ದಾರೆ ಎನ್ನಬೇಕು.

ಮೊದಲ ಶನಿವಾರ ಆಪರೇಷನ್ ಆಗಿ ಎರಡು ದಿನ. ಇಂಗ್ಲಿಷಿನಲ್ಲಿ ಮೂರು ಹಾಳೆ ಬರೆದುಕೊಂಡು ಹೋಗಿದ್ದೆ. ಒಂದು ಗಂಟೆಯ ಮಾತನ್ನು ಹದಿನಾಲ್ಕು ನಿಮಿಷದಲ್ಲಿ ಓದಿ ಮುಗಿಸಿ, ಉಳಿದದ್ದಕ್ಕೆ ಹಾಡು ಹಾಕಿದೆ. ವಾಲ್ಟರ್ ಫೋನ್ ಮಾಡಿದರು. ಅಕ್ಕನ ಮನೆಗೆ ಹೋಗಿದ್ದಾರೆ ಎಂದೆ. ರೂಡೊಗೆ ಅಕ್ಕ ಇದ್ದಾಳೆಂದು ಗೊತ್ತಿರಲಿಲ್ಲ ಎಂದು ಮುದುಕಪ್ಪ ಗೊಣಗಿದರು. ಹೊರಗೆ ಹೇಗಿದೆ ಎಂದು ಕೇಳಿದರು. ಇನ್ನೂರ ಎಂಬತ್ತನೇ ನಂಬರಿನ ಫ್ರೀವೇ ಮೇಲೆ ಲಾರಿಗಳಿಗೆ ಹೆದರಿ ರಸ್ತೆಯೊಂದನ್ನೇ ನೋಡುತ್ತ ಬಂದವಳು ನಾನು, ಆಕಾಶ ಎಲ್ಲಿ ನೋಡಿದ್ದೆ? ಬಿಸಿಲಿದೆ ಎಂದೆ. ಹೊರಗೆ ಬಂದರೆ ಮಂಜು ಮುಚ್ಚಿತ್ತು.

ಎರಡನೇ ಶನಿವಾರದ ಹೊತ್ತಿಗೂ ಪರೀಕ್ಷೆಯ ಫಲಿತಾಂಶ ಬಂದಿರಲಿಲ್ಲ. ಆ ವಾರವಿಡೀ ನನಗೆ ಊಟ ಸೇರಿರಲಿಲ್ಲ. ವಾಲ್ಟರ್ ಸರಿಯಾಗಿ ಹತ್ತೂ ಹತ್ತಕ್ಕೆ ಬಂದರು. ನಿನ್ನನ್ನು ಬೈಯುತ್ತಿಲ್ಲಮ್ಮ, ಆದರೆ ಅವರು ಯಾವತ್ತು ಬರುತ್ತಾರೆ ಸರಿಯಾಗಿ ಹೇಳು, ನನ್ನ ವಯಸ್ಸಿನವರು ಸುಮ್ಮನೆ ಕಾಯುವುದಕ್ಕಾಗುವುದಿಲ್ಲ ಎಂದರು. ಬರೆದುಕೊಂಡ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬೇಗ ಬರುತ್ತಾರೆ ಎಂದೆ. ಅವರು ಮತ್ತೆ ಕೇಳಿದರು. ನನ್ನ ಮನಸ್ಸಿನಲ್ಲಿ ಎಂಟು ದಿನದಿಂದ ಸುತ್ತುತ್ತಿದ್ದ ಮಾತು ನಾಲಿಗೆಗೆ ಬಂದುಬಿಟ್ಟಿತು. "ಅವರಿಗೆ ದನಿ ವಾಪಸ್ ಬರದೇ ಹೋದರೆ," ಎಂದೆ ಇಂಗ್ಲಿಷಿನಲ್ಲಿ. ಎಂದ ಕೂಡಲೇ ಎರಡೂ ಕೆನ್ನೆಗೆ ಬಡಿದುಕೊಂಡು ಅಚ್ಚ ಕನ್ನಡದಲ್ಲಿ, "ಬಿಡ್ತು, ಬಿಡ್ತು," ಎಂದೆ. ಕೆನ್ನೆಯ ಪಟಪಟ ಸದ್ದೂ ಸೇರಿ ಎಲ್ಲವೂ ಪ್ರಸಾರವಾಯಿತು.

ಚಿಕ್ಕಂದಿನಲ್ಲಿ ನಾವು ಬಾಯಿತಪ್ಪಿ ಅಪಶಕುನದ ಮಾತಾಡಿದರೆ ಅಮ್ಮ ಎಲ್ಲಿದ್ದರೂ ಓಡಿಬಂದು, ಬಿಡ್ತು ಅನ್ನು, ಬಿಡ್ತು ಅನ್ನು ಎಂದು ಹೇಳಿಸುತ್ತಿದ್ದಳು. ಅಂದರೆ ಆಡಿದ ಮಾತು ಅಲ್ಲಿಗೇ ಕಳಚಿತು. ಅಡುಗೆಮನೆಯಲ್ಲಿ ಅದು ನಡೆಯುತ್ತದೆ. ಮೈಕಿನ ಮುಂದೆ ಆಡಿದ್ದು ಎಲ್ಲಿ ಬಿಡುತ್ತದೆ? ಫೋನಿನ ನಾಲ್ಕೂ ದೀಪ ಒಟ್ಟಿಗೆ ಹತ್ತಿಕೊಂಡವು. ದನಿಗೆ ಏನಾಗಿದೆ, ಯಾವ ಆಸ್ಪತ್ರೆ, ಕ್ಯಾನ್ಸರಾ ಎಂದು ಒಬ್ಬರ ಮೇಲೊಬ್ಬರು ಕೇಳಿದರು. ವಾಲ್ಟರ್ ಮಾತ್ರ ಏನೂ ಕೇಳದೆ ಫೋನಿಟ್ಟರು. ನಾನು ಉದ್ದನೆಯ ಹಾಡೊಂದನ್ನು ಹಾಕಿ ತಲೆ ಹಿಡಿದುಕೊಂಡು ಕೂತೆ. ಆ ಹೊತ್ತಿಗೆ ಅಕ್ಕನ ಮೆಸೇಜು ಬಂತು. 'ಮನೆಗೆ ಬಾ' ಎಂಬ ಎರಡು ಮಾತು, ಅಷ್ಟೇ.

ಕನ್ನಡ ಗಂಟೆಯಲ್ಲಿ ಅವತ್ತು ಏನು ಓದಿದೆನೋ ನನಗೆ ನೆನಪಿಲ್ಲ. ಅಕ್ಕನ ಮನೆಯಿರುವ ಯೂನಿಯನ್ ಸಿಟಿಗೆ ಹೋಗಬೇಕೆಂದರೆ ಆ ಸೇತುವೆಯ ಮೇಲೇ ಹೋಗಬೇಕು. ಎರಡೂ ಕಡೆ ನೀರು, ನಡುವೆ ನಾನು, ಹಿಂದೆ ಹಾರ್ನು. ಅವತ್ತು ನೀರಿಗೆ ಹೆದರಲೂ ಪುರಸೊತ್ತಿರಲಿಲ್ಲ. ಅಕ್ಕನ ಮುಖ ನೋಡುವುದು ಹೇಗೆ ಎಂಬುದೇ ತಲೆ ತುಂಬಿತ್ತು.

ಅವರು ಬಾಗಿಲು ತೆರೆದು ಎಂದಿನಂತೆ ಮೆಲ್ಲಗೆ ಕೈ ತಟ್ಟಿದರು. ಕೊರಳಿಗೆ ಒಂದು ಪುಟ್ಟ ಬಿಳಿ ಹಲಗೆ ನೇತುಹಾಕಿಕೊಂಡಿದ್ದರು, ಬರೆದು ಒರೆಸುವಂಥದ್ದು. ನಾನು ತಪ್ಪಾಯಿತು ಎಂದು ಅಳತೊಡಗಿದೆ. ಅಳುತ್ತಲೇ, ನಾನು ಹೊಗಳಿದ್ದು, ಕಣ್ಣು ತಾಗಿದ್ದು, ಅತ್ತೆ ಹೇಳಿದ್ದು ಎಲ್ಲವನ್ನೂ ಒದರಿಬಿಟ್ಟೆ. ಅವರು ಸುಮ್ಮನೆ ಕೇಳಿ ಬರೆದರು: 'ನನ್ನನ್ನು ಹೊಗಳಿದವರು ನೀನೊಬ್ಬಳೇ ಅಲ್ಲ. ಜಂಬ ಬೇಡ.' ನಗಬೇಕೋ ಬೇಡವೋ ತಿಳಿಯಲಿಲ್ಲ. ಅದನ್ನು ಒರೆಸಿ ಬಹಳ ಹೊತ್ತು ಬರೆದರು. 'ಹನ್ನೆರಡು ವರ್ಷ ಕಾಯಿಲೆಯವರ ಹೆಸರು ಓದಿದ್ದೇನೆ. ಹೆಸರು ಓದಿದ ಮೇಲೆ ಆ ಮನುಷ್ಯ ಬಡಗಿ ಅಲ್ಲ, ಟೀಚರ್ ಅಲ್ಲ, ಬರೀ ಅಯ್ಯೋ ಪಾಪ. ಹಾಗೆ ಅಯ್ಯೋ ಪಾಪ ಎನ್ನುವ ದನಿ ನನ್ನದೇ. ನನ್ನ ಹೆಸರಿಗೆ ಅದು ಬೇಡವಾಗಿತ್ತು.'

ಏನಾದರೂ ಸಮಾಧಾನ ಹೇಳಬೇಕಲ್ಲ. ಗೋಡೆಯ ಪಕ್ಕದಲ್ಲಿ ಎಂಬೀರಾ ಇತ್ತು. ಅಕ್ಕಾ, ದನಿ ಸ್ವಲ್ಪ ಒರಟಾದರೂ ಏನಂತೆ, ಈ ಮುಚ್ಚಳಗಳ ಸದ್ದಿನ ಹಾಗೆ ಅದಕ್ಕೂ ಒಂದು ಚೆಂದ ಇರುತ್ತದೆ ಎಂದೆ. ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದ ಮಾತು ಅದು. ಅವರು ನನ್ನನ್ನೇ ನೋಡಿ ಬರೆದರು: 'ಮುಚ್ಚಳ ಬೇಡವಾದರೆ ತೆಗೆಯಬಹುದು.' ಆಮೇಲೆ ಹಲಗೆಯನ್ನು ಬೋರಲು ಹಾಕಿ ನನಗೆ ಟೀ ಮಾಡಲು ಎದ್ದರು. ಹೆಂಗಸು ಹೆದರಿದ್ದಾರೆ ಎಂದು ನನಗೆ ಅವತ್ತೇ ತಿಳಿದದ್ದು. ಅಷ್ಟು ದಿನ ಹೆದರಿಕೆಯನ್ನೆಲ್ಲ ನಾನೇ ಗುತ್ತಿಗೆ ಹಿಡಿದಂತೆ ಆಡುತ್ತಿದ್ದೆ, ಅವರದು ನನಗೆ ಕಾಣಲೇ ಇಲ್ಲ.

ಸೋಮವಾರ ಫಲಿತಾಂಶ ಬಂತು. ಕೆಟ್ಟ ಗಂಟಲ್ಲ. ಅತ್ತೆ ಹುಬ್ಬಳ್ಳಿಯ ಸಿದ್ಧಾರೂಢರಿಗೆ ಹರಕೆ ಹೊತ್ತಿದ್ದರಂತೆ, ಆ ಗುಟ್ಟು ಅವತ್ತು ಹೊರಬಿತ್ತು. ಜೀವಕ್ಕೆ ಭಯವಿಲ್ಲ ಎಂದಾಯಿತು. ದನಿಯ ವಿಷಯಕ್ಕೆ ಡಾಕ್ಟರು ಕಾದು ನೋಡೋಣ ಎಂದರು. ಮೂರನೇ ಶನಿವಾರ ಅಕ್ಕನ ಒಪ್ಪಿಗೆ ಪಡೆದು, ಅವರಿಗೆ ಗಂಟಲಿನ ಆಪರೇಷನ್ ಆಗಿದೆ, ಮುಂದಿನ ವಾರ ಬರುತ್ತಾರೆ ಎಂದಷ್ಟೇ ಹೇಳಿದೆ. ಅವತ್ತು ವಾಲ್ಟರ್ ಫೋನ್ ಬರಲಿಲ್ಲ. ತೊಂಬತ್ತು ದಾಟಿದವರ ಫೋನ್ ಬರದಿದ್ದರೆ ನನ್ನಂಥವಳಿಗೆ ಏನೇನು ತೋಚುತ್ತದೆ ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ನಾಲ್ಕನೇ ಶನಿವಾರ ಅಕ್ಕ ಒಂಬತ್ತೂವರೆಗೇ ಬಂದಿದ್ದರು. ಹಳದಿ ಬಟ್ಟೆಯನ್ನು ತಲೆಗೆ ಸುತ್ತಿಕೊಂಡಿದ್ದರು, ಹೊಸದು. ಡಾಕ್ಟರು ದಿನಕ್ಕೆ ಹತ್ತು ನಿಮಿಷ ಮಾತಿಗೆ ಅನುಮತಿ ಕೊಟ್ಟಿದ್ದರು. ಆ ಹತ್ತು ನಿಮಿಷವನ್ನು ಅವರು ಮನೆಯಲ್ಲಿ ಒಂದಿಷ್ಟೂ ಖರ್ಚು ಮಾಡಿರಲಿಲ್ಲ. ಹಾಗಾಗಿ ಹೊಸ ದನಿ ಹೇಗಿದೆ ಎಂದು ನಾನೂ ಕೇಳಿರಲಿಲ್ಲ. ಮೇಜಿನ ಮುಂದೆ ಒಬ್ಬರ ಪಕ್ಕ ಒಬ್ಬರು ಕೂತೆವು. ಹತ್ತಾಯಿತು. ಮೈಕಿನ ದನಿ ಏರಿಸುವ ಪಟ್ಟಿಯನ್ನು ನಾನೇ ಮೇಲೆ ತಳ್ಳಿದೆ. ಅವರು ಬಾಯಿ ತೆರೆದರು.

ಮೊದಲು ಬರೀ ಗಾಳಿ ಬಂತು. ಆಮೇಲೆ ಬಂದದ್ದು ಯಾರದೋ ದನಿ. ದಪ್ಪಗೆ, ಹರಕಲಾಗಿ, ಮಾತಿನ ನಡುವೆ ಮುರಿದು ಬೀಳುತ್ತಿತ್ತು. 'ಇದು ಶನಿವಾರದ' ಎನ್ನುವಷ್ಟರಲ್ಲಿ ನಿಂತು, ಉಸಿರು ತಗೊಂಡು, 'ಬೆಳಗು' ಎಂದರು. ನಾನು ಮೇಜಿನ ಕೆಳಗೆ ಸೀರೆಯ ಸೆರಗನ್ನು ಹಿಂಡುತ್ತಿದ್ದೆ. ಅವರು ಎರಡು ವಾಕ್ಯ ಹೇಳಿ ಹಾಡು ಹಾಕಿದರು, ಮತ್ತೆರಡು ಹೇಳಿ ಇನ್ನೊಂದು ಹಾಡು. ಹತ್ತೂ ಹತ್ತಕ್ಕೆ ಫೋನಿನ ಮೊದಲ ದೀಪ ಹತ್ತಿಕೊಂಡಿತು. ವಾಲ್ಟರ್ ಬದುಕಿದ್ದಾರೆ ಎಂದು ಒಂದು ಕ್ಷಣ ಖುಷಿಯಾಯಿತು, ಮರುಕ್ಷಣವೇ ಹೆದರಿಕೆ. ಆ ಮನುಷ್ಯನಿಗೆ ಲೋಕವೆಲ್ಲ ದನಿಯಿಂದಲೇ ಗೊತ್ತು. ಅಕ್ಕ ಫೋನನ್ನು ಪ್ರಸಾರಕ್ಕೆ ಕೊಟ್ಟರು.

"ಯಾರಿದು?" ಎಂದರು ವಾಲ್ಟರ್. "ರೂಡೊ ಬರ್ತಾರೆ ಅಂದಿದ್ದರಲ್ಲ. ಹೋದ ವಾರ ನನಗೆ ಜ್ವರ. ಇವತ್ತು ಅದಕ್ಕೇ ಬೇಗ ಎದ್ದು ಕೂತಿದ್ದೇನೆ."

"ವಾಲ್ಟರ್, ನಾನೇ."

"ಅಲ್ಲ. ಅವರ ದನಿ ನನಗೆ ಗೊತ್ತು."

ನಾನು ಫೋನ್ ಲೈನು ಕತ್ತರಿಸಲೆಂದು ಗುಂಡಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು, ನಡುಗುತ್ತಿತ್ತು. ಪ್ರಸಾರದಲ್ಲಿ ಯಾವ ಸದ್ದೂ ಹೋಗುತ್ತಿರಲಿಲ್ಲ. ಆಚೆ ರೂಮಿನಿಂದ ಮ್ಯಾನೇಜರು ಎದ್ದು ನಿಂತು ಗಾಜಿನ ಮೂಲಕ ನಮ್ಮನ್ನು ನೋಡತೊಡಗಿದರು.

"ಸರಿ ವಾಲ್ಟರ್," ಎಂದರು ಅಕ್ಕ. ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. "ಆ ಹೆಂಗಸು ಇನ್ನು ಬರೋದಿಲ್ಲ. ನಾನು ಹೊಸಬಳು. ಇವತ್ತು ಮೊದಲನೇ ದಿನ, ನನಗೆ ತುಂಬಾ ಹೆದರಿಕೆಯಾಗ್ತಿದೆ. ಸ್ವಲ್ಪ ಹೊತ್ತು ಫೋನ್ ಇಡದೆ ಇರ್ತೀರಾ?"

ಆ ಕಡೆಯಿಂದ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು.

"ಇರ್ತೀನಿ," ಎಂದರು ವಾಲ್ಟರ್. "ಗಾಬರಿ ಬೇಡ. ಅವರೂ ಶುರುವಿನಲ್ಲಿ ಅಂಥಾ ಚೆನ್ನಾಗೇನೂ ಇರಲಿಲ್ಲ. ಮಾತಾಡು."

ಅಕ್ಕ ಗಂಟಲು ಸರಿಮಾಡಿಕೊಳ್ಳಲು ಹೋಗಿ, ಕೂಡದೆಂಬುದು ನೆನಪಾಗಿ ಬಿಟ್ಟರು. ಕಣ್ಣೊರೆಸಿಕೊಂಡು, ಮೈಕನ್ನು ಹತ್ತಿರಕ್ಕೆ ಎಳೆದು, ತಮ್ಮ ಹೆಸರು ಹೇಳಿ ಮೊದಲಿನಿಂದ ಶುರುಮಾಡಿದರು.